ಮನೆ ಕಟ್ಟಿ ನೋಡು, ಪಟ್ಟಿ ಕೇಳಿ ನೋಡು!

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ ಮಾಡಿದ ಹಿರಿಯರು ಪಾಲಿಕೆ ದುಡ್ಡಿನಲ್ಲಿ ಮನೆ ಕಟ್ಟಿಸಿಕೊಳ್ಳುವವರ ಪಾಡು ನೋಡಿರಲಿಲ್ಲ. ನೋಡಿದ್ದರೆ ಗಾದೆಗೆ ಮೂರನೆಯದೊಂದು ಸೇರಿಸುತ್ತಿದ್ದರು: ಫಲಾನುಭವಿಗಳ ಪಟ್ಟಿ ಕೇಳಿ ನೋಡು!

ನಾನು ಹೇಳುತ್ತಿರುವುದು ಬೆಂಗಳೂರಿನಲ್ಲಿ 'ಒಂಟಿ ಮನೆ' ಎಂದು ಕರೆಯುವ ಯೋಜನೆಯ ಬಗ್ಗೆ. ಮೆಟ್ರೋ, ಸುರಂಗ ರಸ್ತೆ, ಕಸ ಇವುಗಳ ಬಗ್ಗೆ ಬರೆದರೆ ಓದುವವರು ಸಾವಿರ ಜನ. ಇದರ ಬಗ್ಗೆ ಯಾರೂ ಬರೆಯುವುದಿಲ್ಲ. ಏಕೆಂದರೆ ಬರೆಯುವವರ, ಓದುವವರ ಮನೆಗೆ ಈ ದುಡ್ಡು ಬರುವುದಿಲ್ಲ. ಬಜೆಟ್ ದಿನ ಒಂದು ಸಾಲು ಓದುತ್ತಾರೆ, ಮಾರನೇ ದಿನ ಪೇಪರಿನ ಮೂಲೆಯಲ್ಲಿ ಒಂದು ಸಾಲು ಬರುತ್ತದೆ, ಅಲ್ಲಿಗೆ ಮುಗಿಯಿತು. ಆ ಸಾಲಿನ ಹಿಂದೆ ಸೀಟು ಹೊದಿಸಿದ ಸೂರು, ಮಳೆ ಬಂದರೆ ಪಾತ್ರೆ ಇಡುವ ಮೂಲೆ, ಬಿರುಕು ಬಿಟ್ಟ ಗೋಡೆ ಇರುವ ಸಾವಿರಾರು ಮನೆಗಳಿವೆ ಎನ್ನುವುದು ಯಾರಿಗೆ ನೆನಪಿರುತ್ತದೆ?

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಪರಿಶಿಷ್ಟ ಜಾತಿ, ಪಂಗಡದವರು, ಇತರ ಬಡವರು, ತಮ್ಮದೇ ಪುಟ್ಟ ಜಾಗ ಇದ್ದೂ ಮನೆ ಕಟ್ಟಿಕೊಳ್ಳಲು ಶಕ್ತಿ ಇಲ್ಲದವರು, ಇವರಿಗೆ ಪಾಲಿಕೆ ಸಹಾಯಧನ ಕೊಡುತ್ತದೆ. ಬಿಬಿಎಂಪಿ ಕಾಲದಲ್ಲಿ ಈ ಮೊತ್ತ ಏರುತ್ತಾ ಏರುತ್ತಾ ಮನೆಗೆ 5 ಲಕ್ಷ ರೂಪಾಯಿಗೆ ಬಂತು. ನಗರ ಸ್ಥಳೀಯ ಸಂಸ್ಥೆಗಳು ಶೇಕಡಾ 24.10ರಷ್ಟನ್ನು ಪರಿಶಿಷ್ಟರ ಕಲ್ಯಾಣಕ್ಕೇ ಮೀಸಲಿಡಬೇಕು ಎಂಬ ನಿಯಮ ಇದೆಯಲ್ಲ, ಈ ಮನೆಗಳ ದುಡ್ಡಿನ ದೊಡ್ಡ ಪಾಲು ಬರುವುದು ಅಲ್ಲಿಂದ. ಅಂದರೆ ಇದು ಯಾರೋ ದಾನಿಗಳು ಕೊಟ್ಟ ಭಿಕ್ಷೆ ಅಲ್ಲ. ತೆರಿಗೆ ಹಣ. ನಿಮ್ಮದು, ನನ್ನದು, ಆ ಸೀಟಿನ ಮನೆಯವನದ್ದು ಕೂಡ.

ದುಡ್ಡು ಒಟ್ಟಿಗೆ ಬರುವುದಿಲ್ಲ. ಸರಕಾರಿ ವಸತಿ ಯೋಜನೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ಮೆಟ್ಟಿಲು: ತಳಪಾಯ, ಲಿಂಟಲ್, ಛಾವಣಿ, ಪೂರ್ಣ. ಒಂದೊಂದು ಹಂತ ಮುಗಿದ ಮೇಲೆ ಇಂಜಿನಿಯರ್ ಬಂದು ನೋಡಿ, ಫೋಟೋ ತೆಗೆದು, ಫೈಲಿಗೆ ಸಹಿ ಹಾಕಿದರೆ ಆ ಹಂತದ ಕಂತು. ಕೇಳುವುದಕ್ಕೆ ಎಷ್ಟು ಅಚ್ಚುಕಟ್ಟು! ಕೆಲಸ ಆದ ಮೇಲೆ ದುಡ್ಡು, ಮೋಸಕ್ಕೆ ಜಾಗವೇ ಇಲ್ಲ.

ಈಗ ಅದನ್ನೇ ಮನೆಯವರ ಕಡೆಯಿಂದ ನೋಡಿ. ಇರುವುದು ಹದಿನೈದು ಇಪ್ಪತ್ತು ಅಡಿ ಜಾಗ. ತಳಪಾಯ ಹಾಕಬೇಕೆಂದರೆ ಮೊದಲು ಹಳೇ ಮನೆ ಕೆಡವಬೇಕು. ಕೆಡವಿದ ದಿನದಿಂದ ಬಾಡಿಗೆ ಮನೆ, ಅದಕ್ಕೆ ಅಡ್ವಾನ್ಸ್. ತಳಪಾಯಕ್ಕೆ ಕಲ್ಲು, ಸಿಮೆಂಟು, ಕಂಬಿ, ಮೇಸ್ತ್ರಿ ಕೂಲಿ ಎಲ್ಲ ಕೈಯಿಂದ. ಕೈಯಲ್ಲಿ ಎಲ್ಲಿದೆ? ಮೀಟರ್ ಬಡ್ಡಿಗೆ ತರಬೇಕು. ತಂದು ಹಾಕಿ, ಇಂಜಿನಿಯರ್ ಬರುತ್ತಾರೆ ಅಂತ ಕಾಯಬೇಕು. ಬಂದರು, ಬರೆದುಕೊಂಡರು, ಹೋದರು. ಬಿಲ್ಲು ಎಲ್ಲಿ ಕೂತಿದೆ? ಅಕೌಂಟ್ಸ್‌ನಲ್ಲಿ. ಯಾವಾಗ ಬರುತ್ತದೆ? ಅನುದಾನ ಬಂದಾಗ. ಅಷ್ಟರಲ್ಲಿ ಬಡ್ಡಿ ಮಲಗುವುದಿಲ್ಲ ಸ್ವಾಮಿ, ರಾತ್ರಿಯೂ ದುಡಿಯುತ್ತದೆ. ಮೂರನೇ ಕಂತು ಕೈಗೆ ಬರುವ ಹೊತ್ತಿಗೆ ಮೊದಲೆರಡು ಕಂತು ಬಡ್ಡಿಯವನ ಜೇಬು ಸೇರಿರುತ್ತದೆ. ಛಾವಣಿ ಇಲ್ಲದ, ಕಂಬಿ ಆಕಾಶ ನೋಡುತ್ತಿರುವ ಮನೆಗಳನ್ನು ನೀವು ನೋಡಿಲ್ಲವೇ? ಕೊಳೆಗೇರಿಗಳ ಓಣಿಗಳಲ್ಲಿ ಒಮ್ಮೆ ನಡೆದು ನೋಡಿ.

ಇದನ್ನೆಲ್ಲ ನೋಡಬೇಕಾದವರು ಯಾರು? ನನ್ನ ತಕರಾರು ಇರುವುದೇ ಇಲ್ಲಿ.

ಕಾನೂನಿನ ಪ್ರಕಾರ ನೋಡಬೇಕಾದದ್ದು ಪಾಲಿಕೆಯ ಕೌನ್ಸಿಲ್. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಹನ್ನೆರಡನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ 18 ಕೆಲಸ ಪಟ್ಟಿ ಮಾಡಿಕೊಟ್ಟಿದೆ. ಕೊಳೆಗೇರಿ ಸುಧಾರಣೆ ಅದರಲ್ಲೊಂದು, ನಗರದ ಬಡತನ ನಿವಾರಣೆ ಇನ್ನೊಂದು. ಬಿಬಿಎಂಪಿಯಲ್ಲಿ ಇದಕ್ಕೆಂದೇ ಹನ್ನೆರಡು ಸ್ಥಾಯಿ ಸಮಿತಿಗಳಿದ್ದವು. ಲೆಕ್ಕಪತ್ರಕ್ಕೊಂದು, ಸಾಮಾಜಿಕ ನ್ಯಾಯಕ್ಕೊಂದು, ವಾರ್ಡ್ ಮಟ್ಟದ ಕಾಮಗಾರಿಗೊಂದು... ಸಮಿತಿಗಳಿಗೆ ಬರವೇ? ಅಧ್ಯಕ್ಷರಿಗೆ ಕೊಠಡಿ, ಕಾರು, ಬೋರ್ಡು ಎಲ್ಲ ಇತ್ತು.

ಆದರೆ ಒಂದು ಸಣ್ಣ ಲೆಕ್ಕ ಗಮನಿಸಿ. ಈ ಸಮಿತಿಗಳ ಅವಧಿ ಬಹುಕಾಲ ಒಂದೇ ವರ್ಷ ಇತ್ತು. ಮೇಯರ್ ಅವಧಿಯೂ ಬಹುಕಾಲ ಒಂದೇ ವರ್ಷ ಇತ್ತು. ಒಬ್ಬ ಬಡವನ ಮನೆ ಪಟ್ಟಿಯಿಂದ ಗೃಹಪ್ರವೇಶದವರೆಗೆ ಹೋಗಲು ಎರಡು ಮೂರು ವರ್ಷ ಹಿಡಿದರೆ ಅಚ್ಚರಿಯಿಲ್ಲ. ಪಟ್ಟಿ ಮಾಡುವಾಗ ಒಬ್ಬ ಅಧ್ಯಕ್ಷ, ತಳಪಾಯಕ್ಕೆ ಇನ್ನೊಬ್ಬ, ಲಿಂಟಲ್‌ಗೆ ಮತ್ತೊಬ್ಬ. ಯಾರನ್ನು ಕೇಳಿದರೂ "ಅದು ನಮ್ಮ ಅವಧಿಯಲ್ಲಿ ಆಗಿದ್ದಲ್ಲ". ಮನೆಗಿಂತ ಮೊದಲು ಸಮಿತಿಯೇ ಬಿದ್ದು ಹೋಗುತ್ತದೆ. ಹೀಗಿರುವಾಗ ಮೇಲ್ವಿಚಾರಣೆ ಎನ್ನುವ ಪದಕ್ಕೆ ಏನು ಅರ್ಥ?

ಅದಕ್ಕಿಂತ ದೊಡ್ಡ ರೋಗ ಇನ್ನೊಂದಿದೆ. ನಮ್ಮ ಕಾರ್ಪೊರೇಟರುಗಳಿಗೆ 'ಮೇಲ್ವಿಚಾರಣೆ' ಅಂದರೆ 'ನನ್ನ ವಾರ್ಡಿನ ಪಟ್ಟಿ ನಾನೇ ಮಾಡುತ್ತೇನೆ' ಅಂತ ಅರ್ಥ. ವಾರ್ಡಿಗೆ ಇಷ್ಟು ಮನೆ ಅಂತ ಹಂಚಿಕೆ ಆಗುತ್ತದೆ. ಯಾರಿಗೆ ಎನ್ನುವುದು ಕಾರ್ಪೊರೇಟರ ಮಾತಿನ ಮೇಲೆ ನಿಲ್ಲುತ್ತದೆ. ಬೂತಿನಲ್ಲಿ ದುಡಿದವನು, ಬ್ಯಾನರ್ ಕಟ್ಟಿದವನು, ಮೆರವಣಿಗೆಗೆ ಜನ ಕರೆತಂದವನು ಮುಂದೆ. ಸೋರುವ ಮನೆಯ ವಿಧವೆ ಹಿಂದೆ. ಎಲ್ಲ ವಾರ್ಡಿನಲ್ಲೂ ಹೀಗೇ ಅಂತ ನಾನು ಹೇಳುವುದಿಲ್ಲ, ಒಳ್ಳೆಯವರೂ ಇದ್ದಾರೆ. ಆದರೆ ಒಳ್ಳೆಯತನದ ಮೇಲೆ ನಡೆಯುವ ವ್ಯವಸ್ಥೆ ವ್ಯವಸ್ಥೆಯೇ ಅಲ್ಲ. ಪಟ್ಟಿ ಮಾಡಿದವನೇ ಪಟ್ಟಿ ಸರಿಯಿದೆಯೇ ಅಂತ ನೋಡುವುದಾದರೆ ಪರೀಕ್ಷೆ ಬರೆದ ಹುಡುಗನ ಕೈಗೇ ಪೇಪರ್ ತಿದ್ದಲು ಕೊಟ್ಟ ಹಾಗೆ.

"ಕಾರ್ಪೊರೇಟರಿಗೆ ಅಲ್ಲವೇ ವಾರ್ಡಿನ ಬಡವರು ಗೊತ್ತಿರುವುದು?" ಎನ್ನುತ್ತಾರೆ. ಗೊತ್ತಿರಬಹುದು. ಆ ತಿಳಿವಳಿಕೆಯನ್ನು ಅರ್ಜಿ ತುಂಬಿಸುವುದಕ್ಕೆ, ಜಾತಿ, ಆದಾಯ ಪ್ರಮಾಣಪತ್ರ ಕೊಡಿಸುವುದಕ್ಕೆ, ಹಕ್ಕುಪತ್ರ ಇಲ್ಲದವರಿಗೆ ಅದನ್ನು ಕೊಡಿಸುವುದಕ್ಕೆ ಬಳಸಲಿ. ಬೇಡ ಅಂದವರ್ಯಾರು? ಆಯ್ಕೆಯ ಪೆನ್ನು ಮಾತ್ರ ಅವರ ಕೈಯಲ್ಲಿ ಬೇಡ.

ಇನ್ನೊಂದು ಗುಂಪಿದೆ. "ಈ ಕೌನ್ಸಿಲ್ಲೇ ಬೇಡ ಸಾರ್, ಒಬ್ಬ ಖಡಕ್ ಐಎಎಸ್ ಅಧಿಕಾರಿಯನ್ನು ಕೂರಿಸಿ, ಎಲ್ಲ ಸರಿ ಹೋಗುತ್ತದೆ" ಎನ್ನುವವರು. ಅಪಾರ್ಟ್‌ಮೆಂಟಿನ ಮೀಟಿಂಗುಗಳಲ್ಲಿ ಈ ಮಾತು ಬಹಳ ಕೇಳಿಸುತ್ತದೆ. ಬೆಂಗಳೂರು ಈ ಪ್ರಯೋಗವನ್ನು ಒಂದಲ್ಲ, ಎರಡು ಸಲ ಮಾಡಿ ಮುಗಿಸಿದೆ. 2006ರ ನವೆಂಬರಿನಲ್ಲಿ ಹಳೇ ಪಾಲಿಕೆಯ ಅವಧಿ ಮುಗಿಯಿತು, 2007ರ ಜನವರಿಯಲ್ಲಿ ಬಿಬಿಎಂಪಿ ಹುಟ್ಟಿತು, ಚುನಾವಣೆ ಆದದ್ದು 2010ರ ಮಾರ್ಚಿನಲ್ಲಿ. ಮೂರು ವರ್ಷಕ್ಕೂ ಮೇಲೆ ಅಧಿಕಾರಿಗಳದ್ದೇ ರಾಜ್ಯಭಾರ. ಆಮೇಲೆ 2020ರ ಸೆಪ್ಟೆಂಬರ್ 10ಕ್ಕೆ ಕೌನ್ಸಿಲ್ ಅವಧಿ ಮುಗಿಯಿತು. ವಾರ್ಡ್ ವಿಂಗಡಣೆ, ಮೀಸಲಾತಿ, ಕೋರ್ಟು, ಹೊಸ ಕಾಯ್ದೆ ಅಂತ ಎಳೆದು ಎಳೆದು, 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ಆ ಐದು ವರ್ಷದಲ್ಲಿ ಒಂದೇ ಒಂದು ದಿನ ಚುನಾಯಿತ ಸಭೆ ಕೂರಲಿಲ್ಲ. ಬಜೆಟ್ ಮಂಡನೆಯಾಯಿತು, ಚರ್ಚೆಯಾಗಲಿಲ್ಲ. ದುಡ್ಡು ಖರ್ಚಾಯಿತು, ಪ್ರಶ್ನೆ ಕೇಳುವವರಿರಲಿಲ್ಲ.

ಖಡಕ್ ಅಧಿಕಾರಿಗಳ ಕಾಲದ ಫಲ ಏನು? 2011ರಲ್ಲಿ ಹೊರಬಂದ ನಕಲಿ ಬಿಲ್ ಹಗರಣ ನೆನಪಿದೆಯೇ? ಮಲ್ಲೇಶ್ವರ, ಗಾಂಧಿನಗರ, ರಾಜರಾಜೇಶ್ವರಿ ನಗರ ಈ ಮೂರು ಕಡೆಯ ಕಾಮಗಾರಿಗಳಲ್ಲಿ 1,539 ಕೋಟಿ ರೂಪಾಯಿಯ ಅಕ್ರಮ ನಡೆದಿದೆ ಅಂತ ಪಾಲಿಕೆಯದೇ ತಾಂತ್ರಿಕ ಜಾಗೃತ ಕೋಶದ ವರದಿ ಸುದ್ದಿಯಾಯಿತಲ್ಲ, ಅದು. ಆಪಾದನೆಗೆ ಒಳಗಾದ ಕಾಮಗಾರಿಗಳು 2008ರ ಸುಮಾರಿನಿಂದ ಶುರುವಾದವು. ಅಂದರೆ ಕೌನ್ಸಿಲ್ ಇಲ್ಲದ ಕಾಲದಲ್ಲಿ ಶುರುವಾಗಿ, ಕೌನ್ಸಿಲ್ ಬಂದ ಮೇಲೂ ನಡೆದವು. ಅವು ಹೆಚ್ಚಾಗಿ ರಸ್ತೆ, ಚರಂಡಿಗಳ ಲೆಕ್ಕ ನಿಜ. ಆದರೆ ಎಲ್ಲರ ಕಣ್ಣೆದುರು ಇರುವ ರಸ್ತೆಯನ್ನೇ ಕಾಗದದ ಮೇಲೆ ಹಾಕಬಹುದಾದರೆ, ಓಣಿಯ ಒಳಗಿನ ಯಾರೂ ನೋಡದ ಮನೆಯ ಗತಿ ಏನು? ನಾನು ಇದರಿಂದ ಕಲಿಯುವ ಪಾಠ ಎರಡು. ಕೌನ್ಸಿಲ್ ಇಲ್ಲದಿದ್ದರೆ ಕೇಳುವವರೇ ಇಲ್ಲ. ಕೌನ್ಸಿಲ್ ಇದ್ದ ಮಾತ್ರಕ್ಕೆ ಕೇಳುತ್ತಾರೆ ಅಂತಲೂ ಇಲ್ಲ.

ಎರಡನೇ ಮಾತಿಗೆ ಸಾಕ್ಷಿ ಬೇಕೇ? ಕೋರಮಂಗಲದ ಪಕ್ಕದ ಈಜಿಪುರ. ಆರ್ಥಿಕವಾಗಿ ಹಿಂದುಳಿದವರಿಗೆ ಅಂತ ಕಟ್ಟಿದ 1,512 ಮನೆಗಳ ಬಡಾವಣೆ. ಕಟ್ಟಿ ಎಷ್ಟೋ ವರ್ಷ ಆಗುವ ಮೊದಲೇ ಕಟ್ಟಡಗಳು ಶಿಥಿಲವಾದವು, ಕುಸಿದವು. ಉಳಿದದ್ದನ್ನೂ ಕೆಡವಿದರು. ಜನ ಅಲ್ಲೇ ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಕಾದರು. ಮತ್ತೆ ಮನೆ ಕಟ್ಟಿಕೊಡಲು ಖಾಸಗಿ ಬಿಲ್ಡರ್ ಜೊತೆ ಒಪ್ಪಂದವಾಯಿತು: ಒಂದಷ್ಟು ಜಾಗದಲ್ಲಿ ಬಡವರಿಗೆ ಮನೆ, ಉಳಿದ ಜಾಗದಲ್ಲಿ ವಾಣಿಜ್ಯ ಕಟ್ಟಡ. 2013ರ ಜನವರಿಯಲ್ಲಿ ಪೊಲೀಸರ ಕಾವಲಿನಲ್ಲಿ ಜೆಸಿಬಿ ಬಂತು, ಶೆಡ್ಡುಗಳು ನೆಲಸಮವಾದವು, ಚಳಿಯಲ್ಲಿ ಮಕ್ಕಳು ಮರಿ ಸಮೇತ ಜನ ಬೀದಿಯ ಪಕ್ಕ ಕೂತರು. ಆಗ ಕೌನ್ಸಿಲ್ ಇತ್ತು ಸ್ವಾಮಿ! 198 ಜನ ಕಾರ್ಪೊರೇಟರುಗಳಿದ್ದರು. ಸಾರ್ವಜನಿಕ ದುಡ್ಡಿನ ಕಟ್ಟಡ ಅಷ್ಟು ಬೇಗ ಯಾಕೆ ಕುಸಿಯಿತು, ಕಳಪೆ ಕೆಲಸಕ್ಕೆ ಯಾರು ಹೊಣೆ, ಮೂಲ ಹಂಚಿಕೆದಾರರು ಯಾರು, ಬಾಡಿಗೆಗೆ ಇದ್ದವರು ಯಾರು, ಇವರಲ್ಲಿ ಯಾರಿಗೆ ಯಾವ ಮನೆ ಎನ್ನುವ ಪ್ರಶ್ನೆಗಳಿಗೆ ಜೆಸಿಬಿ ಬರುವ ಮೊದಲು ಉತ್ತರ ಪಡೆಯಬೇಕಾದದ್ದು ಆ ಸಭೆಯ ಕರ್ತವ್ಯವಾಗಿತ್ತು. ಪಡೆದಿದ್ದರೆ ಜನ ಬೀದಿಯಲ್ಲಿ ಕೂರಬೇಕಾಗಿರಲಿಲ್ಲ.

ಇದು ನಮ್ಮ ಊರಿನ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಕಥೆ ಕೇಳಿ. 2005ರ ಆಗಸ್ಟಿನಲ್ಲಿ ಕತ್ರಿನಾ ಚಂಡಮಾರುತಕ್ಕೆ ಊರಿಗೆ ಊರೇ ನೀರಿನಲ್ಲಿ ಮುಳುಗಿತು. ವಯಸ್ಸಾದವರ, ಬಡವರ ಮನೆಗಳನ್ನು ಒಳಗಿನಿಂದ ಕೆರೆದು, ಕೊಳೆತದ್ದನ್ನು ತೆಗೆದು, ಸ್ವಚ್ಛ ಮಾಡಿಕೊಡಲು ನಗರಾಡಳಿತದ ಅಧೀನದ 'ನೋವಾ' ಎಂಬ ಸಂಸ್ಥೆಗೆ ಕೇಂದ್ರ ಸರಕಾರದ ದುಡ್ಡು ಹೋಯಿತು. ಆ ಊರಿಗೂ ಒಂದು ಕೌನ್ಸಿಲ್ ಇತ್ತು. ಆದರೆ ಮೊದಲು ಕಂಡುಹಿಡಿದದ್ದು ಕೌನ್ಸಿಲ್ ಅಲ್ಲ, ಆಡಿಟರ್ ಅಲ್ಲ. ಕೇರನ್ ಗಾಡ್ಬ್ವಾ ಎಂಬ ಹೆಣ್ಣುಮಗಳು. ಕೆಡವಲಿರುವ ಹಳೇ ಮನೆಗಳ ಬಗ್ಗೆ ಆಕೆ ಬ್ಲಾಗ್ ಬರೆಯುತ್ತಿದ್ದರು. 2008ರಲ್ಲಿ, ರಿಪೇರಿಯಾಗಿದೆ ಎಂದು ಲೆಕ್ಕ ತೋರಿಸಿದ್ದ ಮನೆಗಳಿಗೂ ವಾಸ್ತವಕ್ಕೂ ತಾಳೆಯಾಗದ್ದು ಆಕೆಯ ಕಣ್ಣಿಗೆ ಬಿತ್ತು. ಪಟ್ಟಿ ಹಿಡಿದು ಒಂದೊಂದೇ ವಿಳಾಸಕ್ಕೆ ಹೋಗಿ ನೋಡಿದರು. ಎಷ್ಟೋ ಕಡೆ ಕೆಲಸವೇ ಆಗಿರಲಿಲ್ಲ! ಅಲ್ಲಿನ ಟಿವಿ ವಾಹಿನಿಯ ವರದಿಗಾರ ಲೀ ಜೂರಿಕ್ ಅದನ್ನು ದಿನದಿನವೂ ಬೆನ್ನು ಹತ್ತಿದರು. ಮೇಯರ್ ರೇ ನೇಗಿನ್ ಮೊದಮೊದಲು ಯೋಜನೆಯ ಪರವಾಗಿಯೇ ನಿಂತರು. 2008ರ ಆಗಸ್ಟಿನಲ್ಲಿ ಕೇಂದ್ರ ತನಿಖಾಧಿಕಾರಿಗಳು ಆ ಸಂಸ್ಥೆಯ ಕಚೇರಿ ಶೋಧಿಸಿದರು. ಮುಂದಿನ ವರ್ಷಗಳಲ್ಲಿ ಸಂಸ್ಥೆಯ ಮುಖ್ಯಸ್ಥೆ, ಗುತ್ತಿಗೆದಾರರು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ಮೇಯರ್ ಕೂಡ 2014ರಲ್ಲಿ ಜೈಲಿಗೆ ಹೋದರು, ಆದರೆ ಅದು ಬೇರೆ ಲಂಚದ ಪ್ರಕರಣಗಳಲ್ಲಿ.

ಈ ಕಥೆಯಲ್ಲಿ ಎಲ್ಲರೂ ಆಕೆಯ ಧೈರ್ಯ ಹೊಗಳುತ್ತಾರೆ. ಹೊಗಳಬೇಕಾದ್ದೇ. ನನಗೆ ಮುಖ್ಯ ಅನ್ನಿಸುವುದು ಬೇರೆ. ಆಕೆಯ ಕೈಯಲ್ಲಿ ವಿಳಾಸಗಳ ಪಟ್ಟಿ ಇತ್ತು. ಅಷ್ಟೇ! ತಂತ್ರಜ್ಞಾನ ಇಲ್ಲ, ತನಿಖಾ ಅಧಿಕಾರ ಇಲ್ಲ. ಪಟ್ಟಿ ಮತ್ತು ಎರಡು ಕಾಲು. ಪಟ್ಟಿ ಮುಚ್ಚಿಟ್ಟಿದ್ದರೆ ಎಂಥಾ ಧೈರ್ಯವಂತೆಯೂ ಏನೂ ಮಾಡುವಂತಿರಲಿಲ್ಲ.

ನಮ್ಮಲ್ಲಿ ಪಟ್ಟಿ ಬಯಲಿಗಿಡಲು ಹೊಸ ಕಾನೂನು ಬೇಕೇ? ಬೇಡ. 2005ರ ಮಾಹಿತಿ ಹಕ್ಕು ಕಾಯ್ದೆ ತೆಗೆದು 4(1)(ಬಿ) ಓದಿ. ಅದರ ಹನ್ನೆರಡನೇ ಅಂಶದಲ್ಲಿ ಸಬ್ಸಿಡಿ ಯೋಜನೆಗಳನ್ನು ಹೇಗೆ ಜಾರಿ ಮಾಡುತ್ತೀರಿ, ಎಷ್ಟು ಹಣ ಇಟ್ಟಿದ್ದೀರಿ, ಫಲಾನುಭವಿಗಳ ವಿವರ ಏನು ಎಂಬುದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎಂದು ಸ್ಪಷ್ಟವಾಗಿದೆ. ಅರ್ಜಿ ಹಾಕಿ, ಹತ್ತು ರೂಪಾಯಿ ಕಟ್ಟಿ, ಮೂವತ್ತು ದಿನ ಕಾದು ಪಡೆಯಬೇಕಾದ ಮಾಹಿತಿಯೇ ಅಲ್ಲ ಇದು. ಗೋಡೆಯ ಮೇಲೆ ಇರಬೇಕಾದದ್ದು. ನಿಮ್ಮ ವಾರ್ಡ್ ಕಚೇರಿಯ ಗೋಡೆಯ ಮೇಲೆ ನೋಡಿದ್ದೀರಾ?

"ಈಗ ಎಲ್ಲ ಆನ್‌ಲೈನ್ ಸಾರ್, ಜಿಯೋ ಟ್ಯಾಗ್ ಇದೆ" ಎನ್ನುತ್ತಾರೆ. 2015ರಲ್ಲಿ ಶುರುವಾದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ, ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವವರಿಗೆ ಕೇಂದ್ರದ ಪಾಲು ಒಂದೂವರೆ ಲಕ್ಷ, ಹಂತ ಹಂತಕ್ಕೂ ಜಿಯೋ ಟ್ಯಾಗ್ ಫೋಟೋ. ಒಳ್ಳೆಯದೇ. ಇಲ್ಲದ ಮನೆಗೆ ಬಿಲ್ ಮಾಡುವುದು ಅದರಿಂದ ಕಷ್ಟವಾಗುತ್ತದೆ. ಆದರೆ ಫೋಟೋ ಏನು ಹೇಳುತ್ತದೆ? ಇಂಥ ಜಾಗದಲ್ಲಿ ಇಂಥ ದಿನ ಒಂದು ಗೋಡೆ ಇತ್ತು ಅಂತ. ಅದು ಯಾರ ಮನೆ ಆಗಬೇಕಿತ್ತು, ಅರ್ಹರಾಗಿಯೂ ಪಟ್ಟಿಯಿಂದ ಹೊರಗುಳಿದವರು ಯಾರು, ಕಂತು ಎಷ್ಟು ತಿಂಗಳು ತಡವಾಯಿತು, ಆ ಸಹಿಗೆ ಎಷ್ಟು ಕೊಡಬೇಕಾಯಿತು, ಕಾಂಕ್ರೀಟಿನಲ್ಲಿ ಸಿಮೆಂಟು ಎಷ್ಟು, ಎಂಸ್ಯಾಂಡ್ ಎಷ್ಟು, ಯಾವುದನ್ನೂ ಉಪಗ್ರಹ ಹೇಳುವುದಿಲ್ಲ. ಮನುಷ್ಯರೇ ಹೋಗಿ ಕೇಳಬೇಕು.

ಹೆಸರು ಪ್ರಕಟಿಸಿದರೆ ಬಡವರ ಮರ್ಯಾದೆ ಹೋಗುತ್ತದೆ ಎನ್ನುವ ಕಾಳಜಿಯೂ ಕೇಳಿದ್ದೇನೆ. ಬ್ಯಾಂಕ್ ಖಾತೆ, ಆಧಾರ್, ಫೋನ್ ನಂಬರ್ ಯಾರೂ ಹಾಕಬೇಡಿ. ಹೆಸರು, ಓಣಿ, ಮಂಜೂರಾದ ಮೊತ್ತ, ಈಗ ಯಾವ ಹಂತ, ಇಷ್ಟು ಸಾಕು. ಬೃಹತ್ ಬ್ಯಾನರಿನಲ್ಲಿ ಶಾಸಕರ ಪಕ್ಕ ನಿಲ್ಲಿಸಿ ಸಾಂಕೇತಿಕ ಚೆಕ್ ಕೊಡುವಾಗ ಹೋಗದ ಮರ್ಯಾದೆ ನೋಟಿಸ್ ಬೋರ್ಡಿನಲ್ಲಿ ಹೆಸರು ಬಂದರೆ ಹೋಗುತ್ತದೆಯೇ?

ಬರೀ ಬೈದರೆ ಸಾಲದು, ಏನಾಗಬೇಕು ಹೇಳು ಅನ್ನುತ್ತೀರಿ. ಹೇಳುತ್ತೇನೆ. ಐದೂ ಪಾಲಿಕೆಗಳಿಗೆ ಇದೇ ಮಾತು.

ಒಂದು: ಅರ್ಜಿ ಹಾಕಿದ ಎಲ್ಲರ ಪಟ್ಟಿ, ಆಯ್ಕೆಯಾದವರ ಪಟ್ಟಿ, ಆಯ್ಕೆಯಾಗದವರಿಗೆ ಕಾರಣ. ಇವು ಹಣ ಬಿಡುಗಡೆಗೆ ಮೊದಲೇ ವಾರ್ಡ್ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರಲಿ. ತಕರಾರಿಗೆ ಹದಿನೈದು ದಿನ ಕೊಡಿ.

ಎರಡು: ಆಯ್ಕೆ ವಾರ್ಡ್ ಸಮಿತಿಯ ಬಹಿರಂಗ ಸಭೆಯಲ್ಲಿ ಆಗಲಿ. ಅರ್ಹರು ಹೆಚ್ಚಿದ್ದರೆ ಎಲ್ಲರೆದುರು ಲಾಟರಿ ಎತ್ತಿ. ಕಾರ್ಪೊರೇಟರು ಸಭೆ ನಡೆಸಲಿ, ಹೆಸರು ಬರೆಯುವುದು ಬೇಡ. ವಾರ್ಡ್ ಸಮಿತಿಯಲ್ಲಿ ನಿವಾಸಿಗಳ ಸಂಘದವರು ಇರುವ ಹಾಗೆಯೇ ಕೊಳೆಗೇರಿಯ ಜನರೂ ಕೂರಬೇಕು. ಇಲ್ಲದಿದ್ದರೆ ಪಾರ್ಕಿನ ವಾಕಿಂಗ್ ಟ್ರ್ಯಾಕ್ ಚರ್ಚೆಯಲ್ಲೇ ಸಭೆ ಮುಗಿಯುತ್ತದೆ.

ಮೂರು: ಮೊದಲ ಕಂತು ಹಳೇ ಮನೆ ಕೆಡವುವ ಮೊದಲೇ ಕೈಗೆ ಬರಲಿ. ಬಡವನಿಗೆ ಸಾಲ ಮಾಡಿಸಿ ಆಮೇಲೆ ಸಹಾಯಧನ ಕೊಡುವುದು ಬಡ್ಡಿಯವನಿಗೆ ಸಹಾಯ.

ನಾಲ್ಕು: ಕೌನ್ಸಿಲ್ ವಸತಿಗೆಂದೇ ಒಂದು ಸಮಿತಿ ಮಾಡಲಿ, ಅದು ಕೌನ್ಸಿಲಿನ ಪೂರ್ತಿ ಅವಧಿ ಇರಲಿ. ವರ್ಷಕ್ಕೊಮ್ಮೆ ನಾಲ್ಕು ಸಂಖ್ಯೆ ಸಭೆಯಲ್ಲಿ ಓದಲಿ: ಮಂಜೂರಾದದ್ದು, ಶುರುವಾದದ್ದು, ನಿಂತುಹೋದದ್ದು, ಮುಗಿದದ್ದು. ನಿಂತುಹೋದ ಒಂದೊಂದು ಮನೆಗೂ ಕಾರಣ ಹೇಳಲಿ.

ಐದು: ಈ ವಾರ್ಡಿನ ಮನೆಗಳನ್ನು ಆ ವಾರ್ಡಿನ ಸದಸ್ಯರು ಹೋಗಿ ನೋಡಲಿ, ಸಾಧ್ಯವಾದರೆ ವಿರೋಧ ಪಕ್ಷದವರು. ಚೀಟಿ ಎತ್ತಿ ಹತ್ತರಲ್ಲಿ ಒಂದು ಮನೆ ನೋಡಿದರೂ ಸಾಕು, ಉಳಿದ ಒಂಬತ್ತು ತಾವಾಗಿಯೇ ನೆಟ್ಟಗಾಗುತ್ತವೆ.

ಇದರಲ್ಲಿ ಯಾವುದಕ್ಕೂ ಕೋಟಿ ಕೋಟಿ ಬೇಕಿಲ್ಲ. ಕನ್ಸಲ್ಟೆಂಟ್ ಬೇಕಿಲ್ಲ, ಆ್ಯಪ್ ಬೇಕಿಲ್ಲ. ಒಂದಷ್ಟು ಕಾಗದ, ಗೋಂದು, ಗೋಡೆ. ಆದರೂ ಆಗುವುದಿಲ್ಲ ಏಕೆ ಅಂದರೆ ಪಟ್ಟಿ ಗೋಡೆಗೆ ಬಂದ ದಿನ ಕಾರ್ಪೊರೇಟರ ಮನೆ ಮುಂದಿನ ಸಾಲು ಕರಗುತ್ತದೆ. "ಅಣ್ಣಾ ನಮ್ಮದೊಂದು ಸೇರಿಸಿ" ಎನ್ನುವ ಆ ಸಾಲೇ ಇವರ ಬಂಡವಾಳ. ಬಡವನಿಗೆ ಮನೆ ಹಕ್ಕಾಗಿ ಸಿಕ್ಕರೆ ಅವನು ಐದು ವರ್ಷ ಕೈಮುಗಿದು ನಿಲ್ಲುವುದಿಲ್ಲ. ಉಪಕಾರವಾಗಿ ಸಿಕ್ಕರೆ ನಿಲ್ಲುತ್ತಾನೆ. ಜಗಳ ಇರುವುದು ಹಕ್ಕು ಮತ್ತು ಉಪಕಾರದ ನಡುವೆ.

ಹಾಗಾಗಿ ಪಾಲಿಕೆ ಚುನಾವಣೆಯ ಓಟು ಕೇಳಲು ನಿಮ್ಮ ಮನೆ ಬಾಗಿಲಿಗೆ ಬಂದವರಿಗೆ ಕೇಳಬೇಕಾದ ಪ್ರಶ್ನೆ ಒಂದೇ. ರಸ್ತೆ, ನೀರು, ಕಸ ಎಲ್ಲ ಕೇಳಿ, ಜೊತೆಗೆ ಇದನ್ನೂ ಕೇಳಿ: ಒಂಟಿ ಮನೆ ಪಟ್ಟಿ ಗೋಡೆಗೆ ಹಾಕುತ್ತೀರಾ, ಇಲ್ಲವಾ? ಹೌದು ಎಂದರೆ ಹೆಸರು ಬರೆದಿಟ್ಟುಕೊಳ್ಳಿ. "ನೋಡೋಣ, ಮಾಡೋಣ" ಎಂದರೆ ಬಾಗಿಲು ಹಾಕಿ.